ದೋಷದ ಕಾರಣ

ಅಂಕೋಲೆಯಲ್ಲಿ ನಮಗೆ ವಿಜ್ಞಾನ ಕಲಿಸಿದ ಅಕ್ಕೋರು, ಮೊಬೈಲು ಕೈಯಲ್ಲಿದ್ದರೂ ವೇಳೆಯನ್ನು ನೀರಿನಿಂದ ಅಳೆಯುತ್ತಿದ್ದರು. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳತೊಡಗಿದಾಗ ನೀರು ತುಂಬಿದ ಚೊಂಬಿನ ತಳದ ತೂತಿನಿಂದ ಹೆಬ್ಬೆರಳು ತೆಗೆಯುವರು. ಗುಂಡು ತುದಿ ಮುಟ್ಟಿದೊಡನೆ ಮುಚ್ಚುವರು. ಸುರಿದ ನೀರಿನ ತೂಕವೇ ನಮಗೆ ವೇಳೆ. ಲೆಕ್ಕ ಕೂಡದಿದ್ದರೆ ಒಂದೇ ಮಾತು: "ತಂಗಿ, ಕಂಡದ್ದು ಬರಿ."

ನಿವೃತ್ತಿಯ ವರ್ಷ ಅವರ ಕೈ ನಡುಗತೊಡಗಿತು. ದೂರ ನಾಲ್ಕು ಪಟ್ಟಾದರೆ ವೇಳೆ ಎರಡು ಪಟ್ಟಾಗಬೇಕು. ನೀರು ಹಾಗೆ ಹೇಳಲಿಲ್ಲ. ಅವರಿಗೆ ನೋವಾದೀತೆಂದು ನಾನು ನೀರಿನ ಅಂಕಿ ಬಿಟ್ಟು, ಬರಬೇಕಾದ ಅಂಕಿಯನ್ನೇ ಬರೆದೆ.

ಅಕ್ಕೋರು ಅದನ್ನು ಹೊಡೆದುಹಾಕಿದರು. "ಕೆಳಗೆ 'ದೋಷದ ಕಾರಣ' ಅಂತ ಜಾಗ ಅದೆಯಲ್ಲ, ಅಲ್ಲಿ 'ಅಕ್ಕೋರ ಕೈ' ಅಂತ ಬರಿ."

ಬರೆದೆ. ಅದರ ಪಕ್ಕ ಅವರು ಕೆಂಪು ಶಾಯಿಯಲ್ಲಿ ಎಳೆದ ರೈಟ್ ಮಾರ್ಕು ತುದಿಯವರೆಗೂ ನಡುಗಿತ್ತು.