ಕೆರೆಯಲ್ಲಿ ಸಿಕ್ಕ ಅಂಜಲ್

ಚೆಟ್ಟಳ್ಳಿ ಹತ್ತಿರದ ಅನಾಥಾಶ್ರಮದ ಮಕ್ಕಳಿಗೆ ಅಂಗಡಿ ಮಾಲೀಕರ ಸಂಘದವರು ಮೀನಿನ ಗಾಳ ದಾನ ಕೊಟ್ಟರು. ಫೋಟೋ ತೆಗೆಯಲು ನನ್ನನ್ನು ಕರೆದೊಯ್ದಿದ್ದರು. ಎಸ್ಟೇಟಿನ ಕೆರೆಯಲ್ಲಿ ಗಂಟೆಗಟ್ಟಲೆ ಕೂತರೂ ಒಂದು ಮೀನೂ ಕಚ್ಚಲಿಲ್ಲ. ಕೊನೆಗೆ ಸಂಘದ ಕಾರ್ಯದರ್ಶಿ ಜೀಪಿನಿಂದ ಮೊಳದುದ್ದದ ಅಂಜಲ್ ಮೀನು ತಂದು ಒಬ್ಬ ಹುಡುಗಿಯ ಗಾಳಕ್ಕೆ ಸಿಕ್ಕಿಸಿದರು.

"ಸಾರ್, ಇದು ಮಂಗಳೂರಿನ ಸಮುದ್ರದ್ದು," ಅಂದೆ.

"ಪೇಪರ್ ಓದೋರು ಮೀನಿನ ಊರು ಕೇಳ್ತಾರಾ ಮಾರಾಯ್ರೇ? ತೆಗೀರಿ!"

ತೆಗೆದೆ. ಅಷ್ಟರಲ್ಲಿ ಆಶ್ರಮದ ಅಡುಗೆಯಕ್ಕ ಪಾತ್ರೆ ಹಿಡಿದು ಬಂದರು. "ಗಾಳ ಬೇಕಾದ್ರೆ ನೀವೇ ಇಟ್ಕೊಳ್ಳಿ ಸಾರ್, ಮೀನು ಕೊಟ್ಟುಹೋಗಿ. ಮಕ್ಕಳಿಗೆ ಸಾರು ಮಾಡ್ತೀನಿ."

ಕಾರ್ಯದರ್ಶಿ ಹೌಹಾರಿ ಮೀನನ್ನು ಎದೆಗವಚಿಕೊಂಡರು. "ಆಗಲ್ಲಮ್ಮ! ಮಧ್ಯಾಹ್ನ ಸಂಪಾಜೆ ಆಶ್ರಮದ ಮಕ್ಕಳೂ ಇದನ್ನೇ ಹಿಡೀಬೇಕು."

ಸಂಪಾಜೆವರೆಗೂ ಜೀಪಿನ ಗಾಜು ಇಳಿಸಿಕೊಂಡೇ ಹೋದೆವು. ಪುಣ್ಯಕ್ಕೆ, ಫೋಟೋದಲ್ಲಿ ವಾಸನೆ ಬರುವುದಿಲ್ಲ.