ಶಿವಸ್ವಾಮಿ ಮೇಷ್ಟ್ರ ಭಾನುವಾರಗಳು

ಹಣೆಯ ಮೇಲೆ ಢಾಳಾದ ವಿಭೂತಿ, ಕೈಯಲ್ಲಿ ಸ್ಟೀಲಿನ ಡಬ್ಬಿ. ಡಾ. ಶಿವಸ್ವಾಮಿಯವರು ಪ್ರತಿ ಭಾನುವಾರ ಬೆಳಿಗ್ಗೆ ಕುಂದಲಹಳ್ಳಿಯ ಮಟನ್ ಅಂಗಡಿಯ ಮುಂದೆ ಹೀಗೆ ನಿಂತಿರುತ್ತಿದ್ದರು. ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಅಂಗಡಿಯ ಮುನಿರಾಜಣ್ಣ ಅವರನ್ನು ಕಂಡೊಡನೆ ರೇಗಿಸುತ್ತಿದ್ದ.

"ಬನ್ನಿ ಡಾಕ್ಟ್ರೇ, ನಿಮ್ ಹುಡುಗ್ರಿಗೆ ಈಲಿ ಎತ್ತಿಟ್ಟಿವ್ನಿ. ಒಂದ್ ದಿನಾನಾದ್ರೂ ಹುರ್ಕೊಂಡು ತಿನ್ನಿ ಅತ್ಲಾಗೆ."

"ನೀನು ಮೊದ್ಲು ಚಾಕು ತಗಲಿಸ್ದೆ ಈಲಿ ತೆಗೆಯೋದು ಕಲಿಯಯ್ಯ" ಎನ್ನುತ್ತಿದ್ದರು ಮೇಷ್ಟ್ರು.

ಆ ಕುರಿಯ ಈಲಿ, ಅಂದರೆ ಯಕೃತ್ತು, ನಮ್ಮ ಪಾಠಕ್ಕೆ. ಮೇಷ್ಟ್ರು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರು. ಯಕೃತ್ತು, ಮೇದೋಜೀರಕ ಎಂದರೆ ಉಳಿದವರು ಕೈ ಹಿಂದೆಗೆಯುತ್ತಿದ್ದ ಎಪ್ಪತ್ತರ ದಶಕದಲ್ಲಿ ಇವರು ಆ ಎರಡು ಅಂಗಗಳ ಕ್ಯಾನ್ಸರನ್ನೇ ಆರಿಸಿಕೊಂಡಿದ್ದರು. ನಾನು ಅವರ ಕಿರಿಯ ವಿದ್ಯಾರ್ಥಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಪ್ಪನ ಕೆಲಸ, ಬಾಗಲಗುಂಟೆಯಲ್ಲಿ ನಮ್ಮ ಮನೆ. ಅಲ್ಲಿಂದ ಊರಿನ ಇನ್ನೊಂದು ತುದಿಗೆ, ಬಸ್ಸು ಬದಲಾಯಿಸುತ್ತ ಮೇಷ್ಟ್ರ ಮನೆಯಿದ್ದ ಕುಂದಲಹಳ್ಳಿ ಸೇರುವಷ್ಟರಲ್ಲಿ ಮೇಷ್ಟ್ರು ಅಂಗಡಿಗೆ ಹೊರಟಿರುತ್ತಿದ್ದರು. ನಾನೂ ಜೊತೆಗೂಡುತ್ತಿದ್ದೆ.

ಈಲಿ ಮನೆಯೊಳಗೆ ಬರಕೂಡದೆಂದು ಅಮ್ಮನವರ, ಅಂದರೆ ಮೇಷ್ಟ್ರ ಹೆಂಡತಿಯ, ಕಟ್ಟಪ್ಪಣೆ. ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟು ನಾವು ಹೊಲಿಗೆ ಹಾಕುತ್ತಿದ್ದೆವು. ಈಲಿ ಬೆಣ್ಣೆಯಂಥದ್ದು, ದಾರ ತುಸು ಬಿಗಿದರೂ ಕೊಯ್ದುಕೊಂಡು ಬರುತ್ತದೆ. "ಎಳೀಬೇಡ್ವೋ, ಕೂರಿಸು. ಮಗೂನ ತೊಟ್ಟಿಲಲ್ಲಿ ಮಲಗಿಸ್ದಂಗೆ ಕೂರಿಸು ಗಂಟನ್ನ" ಎನ್ನುತ್ತಿದ್ದರು. ಎಷ್ಟು ಹೊಲಿಗೆ ನಿಂತವು, ಎಷ್ಟು ಹರಿದವು ಎಂದು ನಾನು ದಿನಚರಿಯಲ್ಲಿ ಬರೆಯುವುದು ಅವರಿಗೆ ತಮಾಷೆ. "ಹರಿದದ್ದು ಬರಿ ಸಾಕು. ನಿಂತದ್ದನ್ನ ರೋಗಿ ಹೇಳ್ತಾನೆ." ಕೊನೆಗೆ ಒಂದೊಂದು ಹೊಲಿಗೆಯನ್ನೂ ಬಿಚ್ಚಿ, ದಾರ ಉಳಿದಿಲ್ಲವೆಂದು ತೋರಿಸಿದ ಮೇಲೆಯೇ ಈಲಿ ಬೀದಿ ನಾಯಿಗಳಿಗೆ. ನಾಯಿಯ ಹೊಟ್ಟೆಯೂ ಹೊಟ್ಟೆಯೇ ಎಂಬುದು ಅವರ ವಾದ.

ಒಂದು ಭಾನುವಾರ ಮುನಿರಾಜಣ್ಣ ಡಬ್ಬಿ ಚಾಚಿದಾಗ ಅವನ ಮುಂಗೈಯ ಗೀರುಗಳು ಮೇಷ್ಟ್ರ ಕಣ್ಣಿಗೆ ಬಿದ್ದವು.

"ಏನಿದು ಇಷ್ಟೊಂದು ಕೆರ್ಕೊಂಡಿದೀಯ?"

"ನವೆ ಸಾರ್. ರಾತ್ರಿ ಎಲ್ಲ ನಿದ್ದೆ ಇಲ್ಲ."

ಮೇಷ್ಟ್ರು ಅವನ ತೋಳು ಹಿಡಿದು, ಹಸಿರು ಟಾರ್ಪಾಲಿನ ನೆರಳಿನಿಂದ ಹೊರಗೆ ಕರೆತಂದರು. ಬಿಸಿಲಿನಲ್ಲಿ ಅವನ ಕಣ್ಣು ಅರಿಸಿನದಂತಿದ್ದವು.

"ಎಷ್ಟು ದಿನ ಆಯ್ತು?"

"ತಿಂಗ್ಳಾಗಿರ್ಬೇಕು. ಮನೇಲಿ ಕಾಮಾಲೆ ಅಂದ್ರು. ವಾರವಾರ ಅಷ್ಟು ದೊಡ್ಡ ಡಾಕ್ಟ್ರೇ ನೋಡ್ತಾವ್ರೆ, ಏನೂ ಅನ್ನಲಿಲ್ಲ, ಅಂಗಾದ್ರೆ ಏನೂ ಇಲ್ಲ ಅಂತ ನಾನೇ ಸುಮ್ಕಿದ್ದೆ."

ಮೇಷ್ಟ್ರು ಅಲ್ಲೇ ಇದ್ದ ಕಲ್ಲಿನ ಮೇಲೆ ಕುಳಿತುಬಿಟ್ಟರು. ಪ್ರತಿ ವಾರ ಅವರು ನೋಡಿದ್ದು ಈಲಿಯನ್ನು. ಅದನ್ನು ಕೊಡುವವನ ಮುಖವನ್ನಲ್ಲ. ಆ ದಿನ ಡಬ್ಬಿ ಅಂಗಡಿಯಲ್ಲೇ ಉಳಿಯಿತು.

ಮುನಿರಾಜಣ್ಣನನ್ನು ನಮ್ಮ ಆಸ್ಪತ್ರೆಗೆ ಸೇರಿಸಿದರು. ಕಾಮಾಲೆಯ ಕಾರಣವನ್ನು ಆ ಕಾಲಕ್ಕೆ ಹೊಟ್ಟೆ ತೆರೆದೇ ಖಚಿತಪಡಿಸಿಕೊಳ್ಳಬೇಕಿತ್ತು. ತೆರೆದಾಗ ಮೇದೋಜೀರಕದ ತಲೆಯಲ್ಲಿ ಗಡ್ಡೆ. ಯಕೃತ್ತಿನ ಮೇಲೂ ಅದು ಹರಡಿದ ಬಿಳಿಯ ಚುಕ್ಕೆಗಳು. ಎದುರಿಗೆ ನಿಂತಿದ್ದ ನಾನು ತಡೆಯಲಾರದೆ ಹೇಳಿದೆ: "ಸಾರ್, ತೆಗೆಯೋಕೆ ಒಂದ್ಸಲ ಪ್ರಯತ್ನ ಪಡೋಣ."

ಅವರು ಯಕೃತ್ತಿನ ಚುಕ್ಕೆಗಳನ್ನು ಇನ್ನೊಮ್ಮೆ ಬೆರಳಿನಿಂದ ಸವರಿ ನೋಡಿದರು. ಅವರಿಗೂ ಅದೇ ಆಸೆಯಿತ್ತೆಂದು ನನಗೆ ಈಗಲೂ ಅನಿಸುತ್ತದೆ.

"ಟೇಬಲ್ ಮೇಲೇ ಹೋಗ್ಬಿಡ್ತಾನೆ ಕಣೋ. ನೋಡ್ದೆ ಬಿಟ್ಟಿದ್ದು ನಾನು. ಅದನ್ನ ಇವನ ಹೊಟ್ಟೆ ಮೇಲೆ ತೀರಿಸ್ಕೋಬಾರ್ದು."

ಗಡ್ಡೆಯನ್ನು ಮುಟ್ಟದೆ, ಪಿತ್ತಕೋಶವನ್ನು ಕರುಳಿಗೆ ಜೋಡಿಸಿ, ತಡೆದು ನಿಂತಿದ್ದ ಪಿತ್ತಕ್ಕೆ ಬೇರೆ ದಾರಿ ಮಾಡಿಕೊಟ್ಟರು. ಒಂದು ಗಂಟನ್ನೂ ಎಳೆಯಲಿಲ್ಲ.

ಮುನಿರಾಜಣ್ಣ ಚೇತರಿಸಿಕೊಂಡು ಕುಳಿತ ದಿನ ಮೇಷ್ಟ್ರು ಅವನ ಮಂಚವನ್ನು ಕಿಟಕಿಯ ಬಳಿಗೆ ತಳ್ಳಿಸಿ, ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ನವೆ ಹೋಗುತ್ತದೆ, ಹಳದಿ ಇಳಿಯುತ್ತದೆ, ಗಡ್ಡೆ ಮಾತ್ರ ಒಳಗೇ ಇದೆ.

"ಮೊದ್ಲೇ ನೋಡಿದ್ರೆ ಉಳೀತಿದ್ನಾ ಸಾರ್?"

"ಗೊತ್ತಿಲ್ಲ ಮುನಿರಾಜು. ಆದ್ರೆ ನೋಡ್ಬೇಕಿತ್ತು."

ಅವನು ಗೀರುಗಳಿದ್ದ ಮುಂಗೈಯನ್ನು ಹೊದಿಕೆಯೊಳಗೆ ಸೇರಿಸಿಕೊಂಡ. ಆಮೇಲೆ, "ಅಂಗಡಿಗೆ ಬರೋದು ಬಿಡ್ಬೇಡಿ ಡಾಕ್ಟ್ರೇ. ನೀವು ಬರ್ಲಿಲ್ಲಾಂದ್ರೆ ಊರೋರು, ಇವ್ನ ಕೈಬಿಟ್ಬಿಟ್ರು ಅಂತಾರೆ" ಎಂದ.

ಮೇಷ್ಟ್ರು ಬಿಡಲಿಲ್ಲ. ತಮ್ಮನಿಗೆ ಅಂಗಡಿ ವಹಿಸಿ ಮುನಿರಾಜಣ್ಣ ಹೊರಗೆ ಸ್ಟೂಲಿನ ಮೇಲೆ ಕೂರುತ್ತಿದ್ದ. ಬರಬರುತ್ತ ಸೊರಗಿದ, ರೇಗಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅವನು ತೀರಿಕೊಂಡ ಮೇಲೂ ಭಾನುವಾರದ ಪಾಠ ನಡೆಯಿತು. ಆದರೆ ಅಂದಿನಿಂದ ಮೇಷ್ಟ್ರು ಈಲಿ ಕೇಳುವ ಮೊದಲು ಮುನಿರಾಜಣ್ಣನ ತಮ್ಮನನ್ನು ಟಾರ್ಪಾಲಿನಾಚೆಗೆ ಕರೆದು ಕಣ್ಣು ನೋಡುತ್ತಿದ್ದರು. ವಿದ್ಯಾರ್ಥಿಗಳಾದ ನಮಗೂ ಅದೇ ಗತಿ. ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ, ಹೆಬ್ಬೆರಳಿನಿಂದ ಕೆಳರೆಪ್ಪೆ ಸರಿಸಿ ನೋಡಿ, "ಹ್ಞೂ, ಒಳಗೆ ನಡಿ. ಕಾಫಿ ಆರ್ತಿದೆ" ಎನ್ನುತ್ತಿದ್ದರು. ನಿವೃತ್ತಿಯ ನಂತರ, ಕೊನೆಯ ಸಲ ನಾನು ಹೋದಾಗ ಅವರ ಹೆಬ್ಬೆರಳು ನಡುಗುತ್ತಿತ್ತು. ಆದರೂ ಎರಡೂ ಕಣ್ಣು ನೋಡದೆ ಬಿಡಲಿಲ್ಲ.

ಕಳೆದ ತಿಂಗಳು ಅವರು ಹೋದರು. ಸುದ್ದಿ ತಡವಾಗಿ ತಿಳಿದು, ನಾನು ಹೋದದ್ದು ಒಂದು ಭಾನುವಾರ. ಗೇಟು ತೆಗೆದು ಅಂಗಳಕ್ಕೆ ಬಂದವನು ಅಭ್ಯಾಸಬಲದಿಂದ ಅಲ್ಲೇ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಬಾಗಿಲಿಗೆ ಬಂದರು.

"ಯಾಕಪ್ಪಾ, ಬಿಸಿಲಲ್ಲೇ ನಿಂತ್ಬಿಟ್ಟೆ? ಒಳಗೆ ಬಾ."