ಬ್ರಸೆಲ್ಸ್‌ಗೆ ಹೊತ್ತೊಯ್ದ ಮೇಲಿನ ತೋಟ

ವ್ಯಾಪಾರದ ಕೆಲಸಕ್ಕೆ ಯುರೋಪಿಗೆ ಹೊರಟವರನ್ನು ಕೂರಿಸಿಕೊಂಡು ಪಾಠ ಹೇಳುವ ನಿವೃತ್ತ ಕರ್ನಲ್ ಒಬ್ಬರು ಗೋಣಿಕೊಪ್ಪಲಿನಲ್ಲಿದ್ದಾರೆ. ಸೇನೆ ಬಿಟ್ಟ ಮೇಲೆ ಕೆಲವು ವರ್ಷ ಕಂಪನಿಯೊಂದರ ಭದ್ರತೆಯ ಕೆಲಸದಲ್ಲಿದ್ದು ಅಲ್ಲಿನ ರಾಜಧಾನಿಗಳನ್ನೆಲ್ಲ ಸುತ್ತಿದವರು. ಈ ಪಾಠಕ್ಕೆ ಅವರು ಏನನ್ನೂ ತೆಗೆದುಕೊಳ್ಳುವುದಿಲ್ಲ. ಭಾವ ಮತ್ತು ನಾನು ಬ್ರಸೆಲ್ಸ್‌ನ ಕಾಫಿ ಮೇಳಕ್ಕೆ ಹೊರಡುವ ಹಿಂದಿನ ವಾರ ಅವರ ಮನೆಯ ಜಗಲಿಯಲ್ಲಿ ಕುಳಿತಿದ್ದೆವು. ಜೊತೆಗೆ ಬೇರೆ ಕೆಲಸಕ್ಕೆ ಅದೇ ಊರಿಗೆ ಹೋಗಲಿದ್ದ ಒಬ್ಬ ಮೆಣಸಿನ ವ್ಯಾಪಾರಿ.

"ಅಲ್ಲಿ ಕಳ್ಳ ಹರಕು ಬಟ್ಟೇಲಿ ಬರಲ್ಲ. ನಿಮ್ಗಿಂತ ಒಳ್ಳೇ ಕೋಟ್ ಹಾಕಿರ್ತಾನೆ, ನಗ್ತಾ ಮಾತಾಡ್ತಾನೆ," ಎಂದರು ಕರ್ನಲ್.

"ನಮ್ಮ ಮೆಣಸಿನ ಸಾವ್ಕಾರ್ರ ಥರ ಅನ್ನಿ," ಎಂದರು ಭಾವ.

"ನಿನ್ನ ತೋಟದ ಮೆಣಸು ಯಾರು ಕದೀತಾರೆ ಮಾರಾಯ, ಅರ್ಧ ಕಲ್ಲೇ ಇರುತ್ತೆ," ಎಂದು ವ್ಯಾಪಾರಿ ತಿರುಗಿಸಿ ಕೊಟ್ಟರು.

ಭಾವ ನಕ್ಕರು. ಅಕ್ಕ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅಪರೂಪ.

ಕರ್ನಲ್ ಹೇಳಿದ್ದು ಇಷ್ಟು. ಪಾಸ್‌ಪೋರ್ಟ್ ಮತ್ತು ಹೆಚ್ಚಿನ ಹಣ ಅಂಗಿಯ ಒಳಗೆ, ಹೊಟ್ಟೆಗೆ ಕಟ್ಟಿದ ಬಟ್ಟೆಯ ಚೀಲದಲ್ಲಿರಬೇಕು. ಜೇಬಿನಲ್ಲಿ ಸ್ವಲ್ಪ ನೋಟಿರುವ ಅಗ್ಗದ ಪರ್ಸ್ ಇರಲಿ, ಯಾರಾದರೂ ಚಾಕು ತೋರಿಸಿದರೆ ಅದನ್ನು ಕೊಟ್ಟುಬಿಡಿ. ಪೊಲೀಸ್ ಎಂದು ಹೇಳಿಕೊಂಡು ಯಾರಾದರೂ ಬೀದಿಯಲ್ಲೇ ಪರ್ಸ್ ಕೇಳಿದರೆ ಠಾಣೆಗೇ ಹೋಗೋಣ ಎನ್ನಿ. ಕೋಟಿನ ಮೇಲೆ ಏನೋ ಬಿದ್ದಿದೆ ಎಂದು ಒರೆಸಲು ಬಂದರೆ ನಿಲ್ಲದೆ ನಡೆಯಿರಿ.

"ಇನ್ನೊಂದು. ಹೊಟ್ಟೆ ಹತ್ರ ಮುಟ್ಟಿ ಮುಟ್ಟಿ ನೋಡ್ಕೋಬೇಡಿ. ನೀವು ಎಲ್ಲಿ ಮುಟ್ತೀರೋ ಅಲ್ಲೇ ದುಡ್ಡಿದೆ ಅಂತ ಅವನಿಗೆ ತಿಳಿಯುತ್ತೆ. ಕೈಲಿರೋ ಬ್ಯಾಗಲ್ಲಿ, ಹೋದ್ರೆ ಹೋಗ್ಲಿ ಅನ್ನೋ ಸಾಮಾನು ಮಾತ್ರ ಇರ್ಬೇಕು."

"ಕಾಫಿ ಬೀಜ ಎಲ್ಲಿಡೋದು ಕರ್ನಲ್ರೇ?" ಎಂದು ಭಾವ ಕೇಳಿದರು.

"ಬೀಜ ಯಾರು ಕದೀತಾರೆ? ಅದು ಬ್ಯಾಗಲ್ಲೇ ಇರ್ಲಿ."

ಅದು ಯಾವ ಬೀಜ ಎಂದು ಅವರು ಕೇಳಲಿಲ್ಲ. ಭಾವನೂ ಹೇಳಲಿಲ್ಲ.

ಭಾವನದು ಮಡಿಕೇರಿಯಿಂದ ಆಚೆ, ಘಟ್ಟದ ಅಂಚಿನ ಊರು. ಗುಡ್ಡದ ಓರೆಯಲ್ಲಿ ಅರೇಬಿಕಾ ಕಾಫಿ ಬೆಳೆಯುವ ಒಂದು ತುಂಡು ಜಾಗವಿತ್ತು, ಮನೆಯವರ ಬಾಯಲ್ಲಿ ಅದು ಮೇಲಿನ ತೋಟ. ಕೆಳಗೆ, ಹೊಳೆಯ ಕಡೆಗೆ, ಇನ್ನೊಂದು. ಎರಡರ ಬೆಳೆಯನ್ನೂ ಒಂದೇ ರಾಶಿಗೆ ಸುರಿದು ಮಾರುವುದು ವಾಡಿಕೆ. ಮೇಲಿನದರ ರುಚಿಯೇ ಬೇರೆ ಎಂದು ಅಕ್ಕ ಮದುವೆಯಾದ ಹೊಸದರಿಂದ ಹೇಳುತ್ತಿದ್ದಳು. ಭಾವ ಒಪ್ಪುತ್ತಿರಲಿಲ್ಲ. "ಗಿಡ ಒಂದೇ, ಮಣ್ಣು ಒಂದೇ, ನಿನ್ನ ನಾಲಿಗೆ ಮಾತ್ರ ಬೇರೆ," ಎಂದು ಕೀಟಲೆ ಮಾಡುತ್ತಿದ್ದರು. ಕೊನೆಗೊಂದು ವರ್ಷ ಅವಳು ಹಟ ಹಿಡಿದು ಮೇಲಿನ ತೋಟದ ಸ್ವಲ್ಪ ಹಣ್ಣನ್ನು ತಾನೇ ಕೊಯ್ದು, ಬೇರೆಯಾಗಿ ತೊಳೆದು ಒಣಗಿಸಿದಳು. ಅವರ ಮನೆಯಲ್ಲಿ ಮಳೆಗಾಲದ ತೇವಕ್ಕೆ ಬೀಜ ಬೂಸಲು ಹಿಡಿಯುತ್ತದೆ ಎಂದು ಗೋಣಿಕೊಪ್ಪಲಿನ ನಮ್ಮ ಮನೆಯ ಅಟ್ಟಕ್ಕೆ ತಂದಿಟ್ಟಳು. ಯಾರಾದರೂ ತಿಳಿದವರ ಕೈಗೆ ಕೊಟ್ಟು ಕುಡಿಸಬೇಕು, ಆಗ ನಿಮ್ಮ ಭಾವನ ಬಾಯಿ ಮುಚ್ಚುತ್ತೆ ಎಂದಳು.

ಆ ಮಳೆಗಾಲದಲ್ಲಿ ಗುಡ್ಡ ಜಾರಿತು. ಮೇಲಿನ ತೋಟ, ಅದರ ಅಂಚಿನ ಕೊಟ್ಟಿಗೆ, ಹಸುಗಳನ್ನು ಬಿಚ್ಚಿ ಬಿಡಲು ಹೋಗಿದ್ದ ಅಕ್ಕ, ಎಲ್ಲವೂ ಒಟ್ಟಿಗೆ ಹೋಯಿತು. ನಾನು ಪತ್ರಿಕೆಯ ವರದಿಗಾರ. ಜಿಲ್ಲೆಯ ಮಳೆ ಹಾನಿಯ ಸುದ್ದಿಯನ್ನು ಎಷ್ಟೋ ವರ್ಷ ಬರೆದಿದ್ದೇನೆ. ಆ ದಿನದ ಸುದ್ದಿಯನ್ನು ಕಚೇರಿಯಲ್ಲಿ ಬೇರೆಯವರು ಬರೆದರು.

ಅಟ್ಟದ ಬೀಜ ಉಳಿಯಿತು. ಮಾರನೆಯ ವರ್ಷ ಬೆಳೆಗಾರರ ಸಂಘಕ್ಕೆ ಬ್ರಸೆಲ್ಸ್‌ನ ಮೇಳದಿಂದ ಕರೆ ಬಂತು. ಅಲ್ಲಿ ನುರಿತವರು ಬೀಜ ಹುರಿದು, ರುಚಿ ನೋಡಿ, ಹೇಳುತ್ತಾರೆ ಎಂದು ತಿಳಿದಾಗ ಭಾವ ತಾವಾಗಿಯೇ ಹೆಸರು ಕೊಟ್ಟರು. ಇಂಗ್ಲಿಷ್ ಮಾತಿಗೆ ನಾನು ಜೊತೆಯಾದೆ. ಹಳೆಯ ಬೀಜ ವಾಸನೆ ಕಳೆದುಕೊಳ್ಳುತ್ತದೆ, ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

"ಅರ್ಧ ವಾಸನೆ ಹೋಗಿದ್ರೂ ಹೋಗ್ಲಿ. ಅವಳು ಹೇಳಿದ್ದು ಸರಿಯಾ ಅಂತ ಒಬ್ರು ಹೇಳಿದ್ರೆ ಸಾಕು," ಎಂದರು.

ಕೆಳಗಿನ ತೋಟದ ಬೀಜ ನನ್ನ ಬ್ಯಾಗಿನಲ್ಲಿತ್ತು. ಮೇಲಿನದನ್ನು ಅವರು ನನ್ನ ಕೈಗೂ ಕೊಡಲಿಲ್ಲ. ವಿಮಾನದಲ್ಲಿ ಅದಿದ್ದ ಕೈಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು, ಅದರ ಪಟ್ಟಿಯನ್ನು ಮೊಣಕಾಲಿಗೆ ಸುತ್ತಿಕೊಂಡೇ ಕುಳಿತಿದ್ದರು. ಕರ್ನಲ್ ಕಲಿಸಿದ್ದನ್ನು ಒಂದೂ ಬಿಡದೆ ಪಾಲಿಸಿದರು. ಒಮ್ಮೆಯೂ ಹೊಟ್ಟೆ ಮುಟ್ಟಿಕೊಳ್ಳಲಿಲ್ಲ.

ಬ್ರಸೆಲ್ಸ್‌ನಲ್ಲಿ ಮೇಳದ ಬೆಳಿಗ್ಗೆ ರೈಲು ನಿಲ್ದಾಣದ ದೊಡ್ಡ ಹಜಾರದಲ್ಲಿ ನಡೆಯುತ್ತಿದ್ದೆವು. ಹೊರಗೆ ಜಿನುಗು ಮಳೆ. "ಇದಕ್ಕೂ ಇವ್ರು ಮಳೆ ಅಂತಾರಾ?" ಎಂದು ಭಾವ ಆಡಿಕೊಂಡರು. ಕೋಟು ತೊಟ್ಟ ಒಬ್ಬ ಎದುರಿಗೆ ಬಂದು, ನನ್ನ ಭುಜ ತೋರಿಸಿ ಏನೋ ಅಂಟಿದೆ ಎಂಬಂತೆ ಸನ್ನೆ ಮಾಡಿದ. "ನಡಿ, ನಡಿ," ಎಂದು ಭಾವನೇ ನನ್ನನ್ನು ಎಳೆದುಕೊಂಡು ಮುಂದೆ ಹೋದರು. ಅವರ ಮುಖದಲ್ಲಿ ಪರೀಕ್ಷೆ ಪಾಸಾದವರ ಸಂತೋಷವಿತ್ತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ನಡೆಯುತ್ತಿದ್ದ ವಯಸ್ಸಾದ ಹೆಂಗಸಿನ ಕೈಯ ಕಾಗದದ ಚೀಲ ಹರಿಯಿತು. ಗೋಲಿಯಷ್ಟು ದಪ್ಪದ ಕಂದು ಕಾಯಿಗಳು ನೆಲದ ಮೇಲೆಲ್ಲ ಉರುಳಿದವು. ಹೇಜಲ್‌ನಟ್ ಎಂದು ಆಮೇಲೆ ಗೊತ್ತಾಯಿತು.

ಕಾಫಿ ತೋಟದಲ್ಲಿ ಬೆಳೆದವರಿಗೆ ಚೆಲ್ಲಿದ ಕಾಯಿಯನ್ನು ದಾಟಿ ಹೋಗಲು ಬರುವುದಿಲ್ಲ. ಕುಯ್ಲಿನ ದಿನಗಳಲ್ಲಿ ಯಾರದೇ ಚೀಲ ಜಾರಲಿ, ಮಾಲೀಕನಿರಲಿ, ಲೆಕ್ಕ ಬರೆಯುವ ರೈಟರ್ ಇರಲಿ, ಹತ್ತಿರವಿದ್ದವರು ಬಗ್ಗಲೇಬೇಕು. ಬಿದ್ದ ಹಣ್ಣಿನ ಮೇಲೆ ಕಾಲಿಟ್ಟವರನ್ನು ಅಕ್ಕ ಗದರದೆ ಬಿಡುತ್ತಿರಲಿಲ್ಲ. ಭಾವ ಬ್ಯಾಗನ್ನು ಕೆಳಗಿಟ್ಟು ಕುಕ್ಕರುಗಾಲಲ್ಲಿ ಕುಳಿತರು. ಎರಡೂ ಕೈಯಲ್ಲಿ ಬಾಚಿ ಬಾಚಿ ಕೋಟಿನ ಜೇಬಿಗೆ ತುಂಬತೊಡಗಿದರು. ನನ್ನ ಬ್ಯಾಗನ್ನು ಹೆಗಲಲ್ಲೇ ಇಟ್ಟುಕೊಂಡು ನಾನೂ ಬಗ್ಗಿದ್ದೆ. ತಲೆ ಎತ್ತಿದಾಗ ಆ ಹೆಂಗಸು ಇರಲಿಲ್ಲ. ಭಾವನ ಬ್ಯಾಗೂ ಇರಲಿಲ್ಲ.

ಭಾವ ಕುಳಿತಲ್ಲೇ ಅತ್ತಿತ್ತ ನೋಡಿದರು. ಆಮೇಲೆ ಕೈಯಲ್ಲಿದ್ದ ಕಾಯಿಗಳನ್ನೂ ಜೇಬಿಗೆ ಹಾಕಿಕೊಂಡು ಎದ್ದರು.

ನಿಲ್ದಾಣದ ಪೊಲೀಸ್ ಕೋಣೆಯಲ್ಲಿದ್ದ ಅಧಿಕಾರಿ ಯುವತಿ, ಸೌಜನ್ಯದವಳು. ಪಾಸ್‌ಪೋರ್ಟ್ ಹೋಯಿತೇ ಎಂದು ಕೇಳಿದಳು. ಇಲ್ಲ. ಹಣ? ಇಲ್ಲ. ಕಾರ್ಡು, ಫೋನು? ಎಲ್ಲ ಇವೆ. ಹಾಗಾದರೆ ನಿಮ್ಮ ಅದೃಷ್ಟ ದೊಡ್ಡದು ಎಂದಳು. ಅದನ್ನು ನಾನು ಭಾವನಿಗೆ ಹೇಳಲಿಲ್ಲ. ಹೋದ ವಸ್ತುವಿನ ಬೆಲೆ ಎಷ್ಟು ಎಂದು ಕೇಳಿದಾಗ ಮಾತ್ರ ಹೇಳಲೇಬೇಕಾಯಿತು.

"ಬೆಲೆ ಕೇಳ್ತಿದಾರೆ ಭಾವ."

"ಎಂತ ಹೇಳೋದು? ಮಾರೋಕೆ ತಂದದ್ದಲ್ಲ ಅನ್ನು."

ಹಾಗೆಯೇ ಹೇಳಿದೆ. ಬೆಲೆಯಿಲ್ಲದ ಬ್ಯಾಗನ್ನು ಕಳ್ಳರು ಹತ್ತಿರದಲ್ಲೇ ಎಸೆದುಹೋಗುವುದುಂಟು, ಹುಡುಕಿ ನೋಡಿ ಎಂದಳು. ಹುಡುಕಿದೆವು. ನಿಲ್ದಾಣದ ಒಳಗಿನ, ಹೊರಗಿನ ಕಸದ ತೊಟ್ಟಿಗಳಲ್ಲಿ ಭಾವ ಕೈ ಹಾಕಿ ನೋಡಿದರು. ಜನ ನಮ್ಮನ್ನು ದೂರದಿಂದ ಬಳಸಿಕೊಂಡು ಹೋದರು. ಆ ಹೊತ್ತಿಗೆ ಮಳೆ ಜೋರಾಗಿತ್ತು.

"ವಾಪಸ್ ಹೋಟೆಲ್ಲಿಗೆ ಹೋಗೋಣ್ವಾ?" ಎಂದೆ.

"ಯಾಕೆ? ಸಂಘದೋರು ಖರ್ಚು ಮಾಡಿ ಕಳ್ಸಿದಾರೆ. ಕೆಳಗಿನ ತೋಟದ್ದಾದ್ರೂ ಕೊಡೋಣ."

ಮಧ್ಯಾಹ್ನ ಮೇಳದಲ್ಲಿ ರುಚಿ ನೋಡುವಾಕೆ ನಮ್ಮ ಹೆಸರಿನ ಮುಂದೆ ಎರಡು ಸಾಲು ಬಟ್ಟಲು ಜೋಡಿಸಿದ್ದಳು. ಒಂದು ಸಾಲು ಬೇಡ ಎಂದೆ, ಕಾರಣ ಹೇಳಿದೆ. ಅವಳು ಕೆಳಗಿನ ತೋಟದ ಬೀಜವನ್ನು ಹುರಿಸಿ, ಪುಡಿ ಮಾಡಿಸಿ, ಬಿಸಿನೀರು ಹಾಕಿ, ಚಮಚದಲ್ಲಿ ಸುರ್ರೆಂದು ಎಳೆದುಕೊಂಡಳು. ಸ್ವಚ್ಛವಾದ ಕಾಫಿ, ಹುಳಿ ಹದವಾಗಿದೆ, ಸ್ವಲ್ಪ ಬೆಲ್ಲದ ಸಿಹಿ ಇದೆ ಎಂದಳು. ಭಾವ ಎಲ್ಲವನ್ನೂ ಗಮನವಿಟ್ಟು ಕೇಳಿದರು. ನಂತರ ನನ್ನ ಕಡೆ ಬಾಗಿದರು.

"ಮೇಲಿನದು ಇದಕ್ಕಿಂತ ಚೆನ್ನಾಗಿತ್ತಾ ಅಂತ ಕೇಳು."

ಕೇಳಬಾರದ ಪ್ರಶ್ನೆ ಎಂದು ನನಗೆ ತಿಳಿದಿತ್ತು. ಆದರೂ ಕೇಳಿದೆ. ಅವಳು ಚಮಚ ಕೆಳಗಿಟ್ಟು, ಕುಡಿಯದೆ ತಾನು ಹೇಗೆ ಹೇಳಲಿ, ಕ್ಷಮಿಸಿ ಎಂದಳು.

"ಅದೂ ಸರಿಯೇ," ಎಂದರು ಭಾವ.

ಅವಳು ಎರಡನೇ ಸಾಲಿನ ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ತೆಗೆದಳು. ಸುತ್ತ ಗುರುತಿಲ್ಲದ ಜನ ತುಂಬಿಕೊಂಡಿದ್ದರು. ಭಾವ ಎಲ್ಲರ ಎದುರಿಗೇ ಅಂಗಿಯ ಮೇಲಿನಿಂದ ಹೊಟ್ಟೆಯ ಚೀಲವನ್ನು ಮುಟ್ಟಿ ನೋಡಿಕೊಂಡರು. ಪಾಸ್‌ಪೋರ್ಟ್ ಇತ್ತು.